ದೊಡ್ಡವ್ವನ ಬಾಗಿಲ ಮೇಲೆ ಓಡಿದ ಮಷಿನ್

ಇಬ್ರಾಹಿಂಪುರದ ಬಡಗಿ ಚಾಚಾನ ಹತ್ತಿರ ನಾನು ಕೆಲಸ ಕಲಿಯಲು ಸೇರಿ ಏಳು ತಿಂಗಳಾಗಿತ್ತು. ನನ್ನ ಡೈರಿಯ ಪ್ರಕಾರ ಅಷ್ಟರಲ್ಲಿ ಕೈಯಿಂದ ಪಾಲಿಶ್ ಪೇಪರ್ ಉಜ್ಜಿದ ಬಾಗಿಲುಗಳು ಇಪ್ಪತ್ತಾರು, ಮರ ಉಜ್ಜುವ ಮಷಿನ್, ಅಂದರೆ ಬೆಲ್ಟ್ ಸ್ಯಾಂಡರ್, ಹಿಡಿದು ಉಜ್ಜಿದ ಬಾಗಿಲು ಸೊನ್ನೆ. ಮಷಿನ್ನಿಗೆ ಬಳೆಯಂತೆ ಸುತ್ತಿದ ಪಾಲಿಶ್ ಪೇಪರಿನ ಬೆಲ್ಟ್ ಹಾಕಿಕೊಡುವುದಷ್ಟೇ ನನ್ನ ಪಾಲಿಗಿತ್ತು. ಹಾಕಿದ್ದು ನಲವತ್ತೊಂದು, ಅದರಲ್ಲಿ ಉಲ್ಟಾ ಹಾಕಿ ಹರಿದದ್ದು ಎರಡು.

ಬಿಜ್ಜರಗಿಯ ನನ್ನ ದೊಡ್ಡವ್ವ ತೇಗದ ಬಾಗಿಲಿನ ಹಳೆಯ ಬಣ್ಣ ತೆಗೆಸಬೇಕೆಂದಾಗ ಚಾಚಾ ಒಂದು ಕರಾರು ಹಾಕಿದರು.

"ಆ ಬಾಗಲಾ ನೀನ ಮಾಡು. ಛಂದ ಆತಂದ್ರ ಇನ್ನ ಮ್ಯಾಲ ಮಷಿನ್ ನಿನ್ನ ಕೈಯಾಗ. ಕೆಡಿಸಿದಿ ಅಂದ್ರ ಇನ್ನೊಂದ ವರ್ಷ ಪೇಪರ್ ಉಜ್ಜು."

ಮಂಗಳವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಟಿಕೋಟಾ ದಾಟಿ ಹೊರಟೆವು. ದೊಡ್ಡವ್ವ ಬಾಗಿಲನ್ನು ಕಳಚಿಸಿ ಅಂಗಳದ ಬೇವಿನ ಮರದಡಿ ಎರಡು ಡ್ರಮ್ಮಿನ ಮೇಲೆ ಮಲಗಿಸಿದ್ದಳು. ನಾನು ಬೆಲ್ಟ್‌ಗಳನ್ನು ಜೋಡಿಸಿಟ್ಟೆ: ನಲವತ್ತು, ಎಂಬತ್ತು, ನೂರಾ ಇಪ್ಪತ್ತು.

"ನಲವತ್ತ ಯಾಕೋ? ನಮ್ಮ ಬಾಗಲಾ ಅಷ್ಟ ಕಡಿಮಿ ಐತೇನು? ದೊಡ್ಡ ನಂಬರ ಹಾಕು" ಎಂದಳು ದೊಡ್ಡವ್ವ.

"ನಂಬರ ಸಣ್ಣದಿದ್ದಷ್ಟು ಹರಳು ದಪ್ಪ ಇರ್ತಾವ ದೊಡ್ಡವ್ವ. ಮೊದ್ಲ ಬಣ್ಣ ಕೀಳಬೇಕು, ಆಮ್ಯಾಲ ನುಣುಪು."

"ಸಾಲ್ಯಾಗ ನೀ ತಂದ ನಂಬರಕ್ಕೂ ಹಿಂಗ ಹೇಳ್ತಿದ್ದಿ."

ಚಾಚಾ ಮೀಸೆಯಲ್ಲೇ ನಕ್ಕರು. ನಾನು ಬದಿಯ ಹಿಡಿಕೆ ಎಳೆದು ಉರುಳೆಗಳನ್ನು ಸಡಿಲಿಸಿದೆ. ಬೆಲ್ಟಿನ ಒಳಮೈಯ ಬಾಣವನ್ನು ಮಷಿನ್ನಿನ ಬಾಣದ ದಿಕ್ಕಿಗೆ ಹಿಡಿದು ತೊಡಿಸಿದೆ, ಹಿಡಿಕೆ ಮುಚ್ಚಿದೆ. ಚಾಲೂ ಮಾಡಿದಾಗ ಬೆಲ್ಟ್ ಅಂಚಿಗೆ ಸರಿಯಿತು. ತಿರುಪು ತಿರುಗಿಸಿ ಅದನ್ನು ನಡುವಿಗೆ ತಂದೆ. ಹನ್ನೊಂದೂ ಇಪ್ಪತ್ತರ ಹೊತ್ತಿಗೆ ನೂರಾ ಇಪ್ಪತ್ತರ ಬೆಲ್ಟಿನ ಕೆಲಸವೂ ಮುಗಿಯುತ್ತ ಬಂದು ಒಂದು ಮಗ್ಗುಲು ಕನ್ನಡಿಯಂತಾಗಿತ್ತು. ಕೊನೆಯ ಸಲ ಉಜ್ಜುತ್ತಿರುವಾಗಲೇ ಕರೆಂಟ್ ಹೋಯಿತು.

"ಈಗ ಬರಂಗಿಲ್ಲ ಅದು, ಚಹಾ ಕುಡೀರಿ" ಎಂದಳು ದೊಡ್ಡವ್ವ.

ಇಲ್ಲಿ ನನ್ನ ಜಾಣತನ ಶುರುವಾಯಿತು. ಸಮಯ ಉಳಿಸಲೆಂದು ಇನ್ನೊಂದು ಮಗ್ಗುಲಿಗೆ ಬೇಕಾದ ನಲವತ್ತರ ಬೆಲ್ಟ್ ತೊಡಿಸಿದೆ. ಕರೆಂಟೇ ಇಲ್ಲವಲ್ಲ, ಕಿಟಕಿಯ ಬಳಿಯ ಪ್ಲಗ್ ಕೀಳುವುದೇಕೆ ಎಂದುಕೊಂಡೆ. ಬಾಣವನ್ನು ಎರಡು ಸಲ ನೋಡಿದೆ. ಸ್ವಿಚ್ಚನ್ನು ಒಮ್ಮೆಯೂ ನೋಡಲಿಲ್ಲ. ಉಜ್ಜುವಾಗ ಬೆರಳು ನೋಯಬಾರದೆಂದು ಅದನ್ನು ಒತ್ತಿ ಲಾಕ್ ಮಾಡಿದ್ದೆ, ಅದು ಹಾಗೆಯೇ ಇತ್ತು. ಮಷಿನ್ನನ್ನು ಮಗ್ಗುಲಾಗಿ ಮಲಗಿಸಿಡಬೇಕೆಂಬ ಚಾಚಾನ ನಿಯಮ ಬಿಟ್ಟು, ಚೆಂದ ಕಾಣಲಿ ಎಂದು ನುಣುಪಾದ ಬಾಗಿಲ ಮೇಲೆ ಬೆಲ್ಟ್ ಕೆಳಗಾಗುವಂತೆ ನೆಟ್ಟಗೆ ನಿಲ್ಲಿಸಿದೆ.

ಎರಡನೆಯ ಗುಟುಕಿಗೆ ಕರೆಂಟ್ ಬಂತು.

ಮಷಿನ್ ಗುರ್ ಎಂದು ಬಾಗಿಲಿನುದ್ದಕ್ಕೂ ಓಡಿತು. ಚಾಚಾ ಚಹಾದ ಕಪ್ಪು-ಬಸಿ ಸಮೇತ ಎದ್ದರು, ಅಂಗಳದಲ್ಲಿ ಕಟ್ಟಿದ್ದ ಹೋತ ಹಗ್ಗ ಜಗ್ಗಿತು, ನಾನು ಕೂತೇ ಇದ್ದೆ. ಅದು ತುದಿಯಿಂದ ಹಾರಿ ಮೇವಿನ ಹೊರೆಯ ಮೇಲೆ ಬಿತ್ತು. ವೈರ್ ಬಿಗಿದು ಪ್ಲಗ್ ಕಿತ್ತು ಬಂದಿದ್ದರಿಂದ ಅಲ್ಲಿಗೆ ಸುಮ್ಮನಾಯಿತು.

"ತಾನ ಓಡ್ತೈತಿ, ಯಾರೂ ಹಿಡಿಯೋದ ಬ್ಯಾಡ ಇದನ್ನ" ಎಂದಳು ದೊಡ್ಡವ್ವ ಮಷಿನ್ನನ್ನು ನೋಡುತ್ತ. ಬಾಗಿಲ ಮೇಲಿನ ಅಂಗೈ ಅಗಲದ ಗೀರು ಕಂಡ ಮೇಲೆ ಸೆರಗಿನಿಂದ ಅದನ್ನು ಒರೆಸಿ ನೋಡಿದಳು.

ಚಾಚಾ ಬಗ್ಗಿ ಒಂದು ಕಣ್ಣು ಮುಚ್ಚಿ ಗೀರಿನ ಉದ್ದಕ್ಕೂ ನೋಡಿದರು. ಇನ್ನೊಂದು ವರ್ಷದ ಪಾಲಿಶ್ ಪೇಪರನ್ನು ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ.

"ಸೀದಾ ಓಡೇತಿ. ಬೆಲ್ಟ್ ಬರೋಬರ ಹಾಕೀದಿ. ಖಾಲಿ ಐತಿ ಅಂದ್ರ ತಲಿ ಅಷ್ಟ" ಎಂದರು.

"ಗೀರು ಹೋಗ್ತೈತೇನ್ರಿ ಚಾಚಾ?"

"ಎಂಬತ್ತು ಹಾಕು, ಆಮ್ಯಾಲ ನೂರಾ ಇಪ್ಪತ್ತು. ಗೀರಿನ ಮ್ಯಾಲಷ್ಟ ಉಜ್ಜಬ್ಯಾಡ, ತಗ್ಗ ಬೀಳ್ತೈತಿ. ಪೂರಾ ಬಾಗಲಾ ಉಜ್ಜು. ಮಷಿನ್ ನೀನ ಹಿಡಿ, ಪ್ಲಗ್ ನಾ ಹಿಡಿತೇನಿ."

ಅವರು ಕಿಟಕಿಯ ಬಳಿ ಕೂತು ಪ್ಲಗ್ ಹಿಡಿದುಕೊಂಡೇ ದೊಡ್ಡವ್ವನ ಜೊತೆ ದ್ರಾಕ್ಷಿ ಬೆಳೆಯ ಮಾತಿಗಿಳಿದರು. ಕೈಯಾಡಿಸದೆ ಮಾತನಾಡುವುದು ಅವರಿಗೆ ಗೊತ್ತಿಲ್ಲ. ಕೈ ಎತ್ತಿದಾಗಲೆಲ್ಲ ಪ್ಲಗ್ಗೂ ಕಿತ್ತು ಬಂದು ಮಷಿನ್ ನಿಂತಿತು. ಸಂಜೆಯೊಳಗೆ ಗೀರು ಪೂರ್ತಿ ಹೋಗಿತ್ತು, ಮಷಿನ್ ಹದಿನಾಲ್ಕು ಸಲ ನಿಂತಿತ್ತು. ಹದಿನಾಲ್ಕೂ ಸಲ ನಾನು ಮೊದಲು ಸ್ವಿಚ್ಚಿನ ಲಾಕ್ ಬಿಡಿಸಿ, ಆಮೇಲೆ ಚಾಚಾನ ಕಡೆ ನೋಡಿದೆ.