ಮಸಾರಿಯೂ ಅಲ್ಲದ, ಯರಿಯೂ ಅಲ್ಲದ ಹೊಲ

ನಾನು ಇಳಕಲ್ಲಿನ ನೇಕಾರರ ಮನೆಯ ಮಗಳು. ನಮಗೆ ಗೇಣು ಹೊಲವೂ ಇರಲಿಲ್ಲ. ಆದರೂ ಓದಿದ್ದು ಕೃಷಿ, ಅದರಲ್ಲೂ ಮಣ್ಣಿನ ವಿಷಯ. ಓದು ಮುಗಿದ ಮೇಲೆ ಬಾಗಲಕೋಟೆಯ ಒಂದು ಕಚೇರಿಯಲ್ಲಿ ತಾತ್ಕಾಲಿಕ ನೌಕರಿ ಸಿಕ್ಕಿತು. ಹೊಲಗಳಿಗೆ ಹೋಗಿ ಮಣ್ಣು ಯಾವ ವರ್ಗದ್ದೆಂದು ಗುರುತಿಸಿ ಹಾಳೆ ತುಂಬಿ ಕೊಡುವುದು ನನ್ನ ಕೆಲಸ. ಆ ಹಾಳೆ ನೋಡಿ ರೈತರಿಗೆ ಯಾವ ಬೆಳೆ ಹೊಂದುತ್ತದೆ ಎಂದು ಹೇಳುತ್ತಿದ್ದರು.

ಮೊದಮೊದಲು ಕಷ್ಟವೆನಿಸಲಿಲ್ಲ. ಕಪ್ಪು ಯರಿ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ, ನೀರು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳಕ್ಕೆ ಕಡಲೆಗೆ ಕೊಡುತ್ತದೆ. ಬಾದಾಮಿ ಕಡೆಯ ಗುಡ್ಡಗಳ ಬುಡದಲ್ಲಿ ಕೆಂಪು ಮಸಾರಿ. ಅದು ಮರಳು ಬೆರೆತ ಹಗುರ ಮಣ್ಣು, ನೀರು ಸುರಿದಷ್ಟೂ ಕೆಳಗಿಳಿದು ಹೋಗುತ್ತದೆ. ಸ್ಕೂಟಿ ಮೇಲೆ ಕೂತೇ ಯಾವುದು ಯಾವುದೆಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು.

ಒಂದು ಮಳೆಗಾಲದ ಕೊನೆಗೆ ಹುನಗುಂದದ ಆಚೆಯ ಒಂದು ಊರಿಗೆ ಹೋದೆ. ಏರಿಲ್ಲ, ಇಳಿಜಾರಿಲ್ಲ, ಕಣ್ಣು ಹೋದಷ್ಟು ದೂರ ಚಪ್ಪಟೆ ಬಯಲು. ಹೊಲದ ಒಡತಿ ಐವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ. ಗಂಡ ತೀರಿಕೊಂಡ ಮೇಲೆ ತಾನೇ ಮುಂದೆ ನಿಂತು ಬೇಸಾಯ ನಡೆಸಿದವಳು. ಮೂಲೆಯಲ್ಲಿ ಕೃಷಿ ಹೊಂಡಕ್ಕೆಂದು ಹಿಂದಿನ ದಿನವಷ್ಟೇ ಜೆಸಿಬಿಯಿಂದ ತೋಡಿಸಿದ್ದ ಗುಂಡಿ ಇತ್ತು. ನನಗೆ ಅದೇ ಬೇಕಾಗಿತ್ತು. ಇಳಿದೆ.

ನನ್ನ ತಲೆಗಿಂತ ಎತ್ತರದ ಗೋಡೆ, ಮೇಲಿಂದ ಕೆಳಗಿನ ತನಕ ಕಡು ಕೆಂಪು. ಒಂದು ಹರಳಿಲ್ಲ, ಗರಸಿಲ್ಲ. ಒಂದು ಹಿಡಿ ಮಣ್ಣು ತೆಗೆದು ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದೆ. ರಿಬ್ಬನ್ನಿನಂತೆ ಉದ್ದಕ್ಕೆ ಬಂತು, ತುಂಡಾಗಲೇ ಇಲ್ಲ. ಅಂದರೆ ಶುದ್ಧ ಜೇಡಿ. ಯರಿಯ ಅಂಟು, ಮಸಾರಿಯ ಬಣ್ಣ. ಆಳದಲ್ಲಿ ಒಂದು ಹೆಂಟೆ ಮುರಿದಾಗ ಒಳಮೈ ಎಣ್ಣೆ ಸವರಿದಂತೆ ಹೊಳೆಯಿತು. ಹೊಳಪಿಗೆ ಎರಡು ಕಾರಣ ಇರಬಹುದೆಂದು ಓದಿದ್ದೆ. ಮೇಲಿನ ಜೇಡಿ ನೀರಿನ ಜೊತೆ ಇಳಿದು ಕೆಳಗಿನ ಹೆಂಟೆಗಳ ಮೇಲೆ ಪೊರೆ ಕಟ್ಟಿದರೂ ಹೊಳೆಯುತ್ತದೆ. ಮಣ್ಣು ಉಬ್ಬಿ ಹೆಂಟೆಗಳು ಒಂದಕ್ಕೊಂದು ಉಜ್ಜಿದರೂ ಹೊಳೆಯುತ್ತದೆ. ಮೊದಲನೆಯದಾದರೆ ಕೆಂಪು ಮಣ್ಣಿನ ವರ್ಗ, ಎರಡನೆಯದಾದರೆ ಯರಿಯ ವರ್ಗ. ನಾನು ನೆಲದ ಮೇಲೆ ಬಿರುಕು ಹುಡುಕಿದೆ. ವಾರದ ಹಿಂದೆ ಸುರಿದ ಮಳೆಯ ಹಸಿ ನೆಲದಲ್ಲಿ ಇನ್ನೂ ಇತ್ತು, ಒಂದೂ ಕಾಣಲಿಲ್ಲ.

ಗುಂಡಿಯ ಅಂಚಿಗೆ ಕೂತಿದ್ದ ಒಡತಿ ಕೇಳಿದಳು, "ಏನಂತ ಬರ್ಕೊಂಡ್ರಿ?"

"ಕೆಂಪು ಮಣ್ಣು ಅಂತರಿ ಅಕ್ಕಾರ."

"ಕೆಂಪು ಐತಿ ಖರೆ. ಮಸಾರಿ ಅಲ್ರಿ ಇದು."

"ಮತ್ತ ಯರಿ ಏನ್ರಿ?"

"ಯರಿನೂ ಅಲ್ಲ. ಬ್ಯಾಸಗ್ಯಾಗ ಬರ್ರಿ, ಬಿರುಕಿನಾಗ ಕೈ ಹೋಗ್ತೈತಿ. ಮಳಿ ಬಂತಂದ್ರ ಚಪ್ಪಲಿ ಕಿತ್ಕೊಂತೈತಿ."

"ಹಂಗಾದ್ರ ಇದಕ್ಕ ಏನಂತಾರ?"

ಆಕೆ ನಕ್ಕಳು. "ಕಲ್ತಾರು ನೀವು. ನನ್ನ ಕೇಳಾಕತ್ತೀರಲ್ಲ!"

ಕಚೇರಿಗೆ ಬಂದು ಹಿರಿಯ ಅಧಿಕಾರಿಗಳ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಮೈಸೂರು ಕಡೆಯವರು, ಸಜ್ಜನರು. "ಬಿರುಕು ನೀವು ಕಣ್ಣಾರೆ ನೋಡಿದಿರಾ?" ಎಂದರು. ಇಲ್ಲ ಎಂದೆ. "ನೋಡಿದ್ದನ್ನು ಮಾತ್ರ ಬರೆಯಿರಿ." ಅದು ಸರಿಯಾದ ಮಾತೇ. ನಾನು ಕೆಂಪು ಮಣ್ಣು, ಆಳವಾದದ್ದು, ನೀರು ಚೆನ್ನಾಗಿ ಬಸಿಯುತ್ತದೆ ಎಂದು ಬರೆದೆ. ಬಸಿಯುವ ವಿಷಯ ನಾನು ನೋಡಿರಲೇ ಇಲ್ಲ. ಕೆಂಪು ಎಂದ ಮೇಲೆ ಬಸಿಯುತ್ತದೆ ಎಂದು ಕೈ ತಾನಾಗಿ ಬರೆದುಬಿಟ್ಟಿತ್ತು.

ಆ ಹಾಳೆಯ ಆಧಾರದ ಮೇಲೆ ಆಕೆಗೆ ದಾಳಿಂಬೆ ಆದೀತೆಂಬ ಸಲಹೆ ಹೋಯಿತು. ಆಕೆ ಗಿಡ ಹಚ್ಚಿದಳು.

ಮುಂದಿನ ಮಳೆಗಾಲದಲ್ಲಿ ಆಕೆಯ ಫೋನ್ ಬಂತು. ಸಿಟ್ಟಿನ ಮಾತೇನೂ ಇರಲಿಲ್ಲ. "ಒಮ್ಮಿ ಬಂದು ನೋಡಿ ಹೋಗ್ರಿ" ಎಂದಳು, ಅಷ್ಟೆ. ಹೋದಾಗ ಸಾಲುಗಳ ನಡುವೆ ನೀರು ಕೆಂಪಗೆ ನಿಂತಿತ್ತು. ಮಳೆ ನಿಂತು ಮೂರು ದಿನವಾಗಿತ್ತಂತೆ. ಗಿಡಗಳ ಎಲೆಗಳು ಹಳದಿಗೆ ತಿರುಗಿದ್ದವು. ನಾನು ನಾಲ್ಕು ಹೆಜ್ಜೆ ಇಡುವುದರೊಳಗೆ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಆಕೆ ಬಗ್ಗಿ ಅದನ್ನು ಕಿತ್ತು ನನ್ನ ಕೈಗೆ ಕೊಟ್ಟಳು. "ತಪ್ಪು ನಂದರಿ" ಎಂದೆ.

ಆಕೆ ಒಂದು ಹಳದಿ ಎಲೆ ಕಿತ್ತು ನೋಡಿದಳು. ಆಮೇಲೆ, "ನೀ ಬರದಿದ್ದು ನೋಡಿ ಹಚ್ಚೀನಿ, ಖರೆ. ಆದ್ರ ಈ ಮಣ್ಣಾಗ ನೀರು ನಿಂದರ್ತೈತಿ ಅಂತ ನನಗೂ ಗೊತ್ತಿತ್ತಲ್ಲವಾ. ಗೊತ್ತಿದ್ದೂ ಹಚ್ಚೀನಿ. ಕಾಗದದಾಗ ಬರದಾರಂದ್ರ ನನಗ ತಿಳೀದ್ದು ಏನರೆ ಇರಬೇಕು ಅನಕೊಂಡೆ," ಎಂದಳು. ಅಷ್ಟು ದಿನ ರೀ ಹಚ್ಚಿ ಮಾತಾಡಿದವಳು ಅಂದೇ ಮೊದಲ ಸಲ ನೀ ಎಂದಿದ್ದು. ಅದು ಸಲಿಗೆಯೋ ಮುನಿಸೋ ನನಗೆ ಈಗಲೂ ತಿಳಿಯದು.

ಹೊಂಡದಲ್ಲಿ ನೀರಿನ ಮೇಲೆ ಕಾಣುತ್ತಿದ್ದ ಗೋಡೆಯಿಂದ ಒಂದು ದೊಡ್ಡ ಹೆಂಟೆ ಕಿತ್ತು ಚೀಲದಲ್ಲಿ ಹಾಕಿಕೊಂಡು ಇಳಕಲ್ಲಿಗೆ ಹೋದೆ. ಅಪ್ಪ ಮಗ್ಗದಿಂದೆದ್ದು ಊಟಕ್ಕೆ ಕೂರುವ ಹೊತ್ತು. ಪಡಸಾಲೆಯಲ್ಲಿ ಪೇಪರ್ ಹಾಸಿ, ಹೆಂಟೆ ಇಟ್ಟು, ಬಣ್ಣದ ಪುಸ್ತಕ ತೆರೆದೆ. ಅದರಲ್ಲಿ ಸಾಲಾಗಿ ಬಣ್ಣದ ಚೌಕಗಳಿರುತ್ತವೆ. ಮಣ್ಣನ್ನು ಪಕ್ಕದಲ್ಲಿ ಹಿಡಿದು ಯಾವುದಕ್ಕೆ ಹೊಂದುತ್ತದೆಂದು ನೋಡಬೇಕು. ನಾನು ಎರಡು ಚೌಕಗಳ ನಡುವೆ ಒದ್ದಾಡುತ್ತಿದ್ದೆ. ಅಪ್ಪ ಊಟ ಬಿಟ್ಟು ಬಂದು ಬಗ್ಗಿ ನೋಡಿದರು.

"ತೊಯ್ದದ್ದು ನೋಡಿ ಬಣ್ಣ ಹೇಳ್ತಿಯೇನವಾ? ತೊಯ್ದ ನೂಲು ಒಂದು, ಒಣಗಿದ ನೂಲು ಒಂದು."

"ಎರಡೂ ಬರೀಬೇಕಪ್ಪಾ. ಆದ್ರ ಇದು ಈ ಎರಡು ಚೌಕಕ್ಕೂ ಹೊಂದವಲ್ದು."

ಅವರು ಹೆಂಟೆಯನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಹೊಳೆಯುವ ಮೈಮೇಲೆ ಉಗುರು ಆಡಿಸಿದರು. "ಇಲ್ಲಿ ಗೀರು ಅದಾವಲ್ಲ. ಎಲ್ಲಾ ಒಂದ ಕಡೆ ಹೊಂಟಾವು. ಯಾರು ಎಳದಾರ ಇದನ್ನ?"

ನಾನು ನೋಡಿದೆ. ಕೂದಲೆಳೆಯಂಥ ಗೀರುಗಳು, ಒಂದರ ಪಕ್ಕ ಒಂದು. ಪೊರೆ ಕಟ್ಟಿದ್ದರೆ ಮೈ ನುಣ್ಣಗಿರಬೇಕು. ಇದು ಉಜ್ಜಿದ ಗುರುತು, ಮಣ್ಣು ನೆಲದೊಳಗೆ ಮಿಸುಕಾಡುತ್ತದೆ. ನನಗೆ ಖುಷಿಯೂ ಆಯಿತು, ಅಳುವೂ ಬಂತು. ಹಿಂದಿನ ಸಲ ಕೈಯಲ್ಲಿ ಹಿಡಿದದ್ದೂ ಇಂಥದೇ ಹೆಂಟೆ.

ಮರುದಿನವೇ ಹಿರಿಯ ಅಧಿಕಾರಿಗಳನ್ನು ಕರೆದುಕೊಂಡು ಹೋದೆ. ಹೊಂಡದಲ್ಲಿ ನೀರಿದ್ದುದರಿಂದ ಪಕ್ಕದಲ್ಲಿ ಬೇರೆ ಗುಂಡಿ ತೋಡಿಸಿದೆವು. ಅವರು ಪ್ಯಾಂಟು ಮಡಚಿಕೊಂಡು ಇಳಿದು, ಗೋಡೆಯನ್ನು ಅಲ್ಲಲ್ಲಿ ಕೆದಕಿ ನೋಡಿದರು. ಆಮೇಲೆ ಎರಡು ಹೆಂಟೆ ಮೇಲಕ್ಕೆ ಕೊಟ್ಟರು. ಒಂದರಲ್ಲಿ ಗೀರು ಸ್ಪಷ್ಟವಾಗಿತ್ತು. ಇನ್ನೊಂದರ ಮೈ ನುಣ್ಣಗೆ, ಪೊರೆ ಕಟ್ಟಿದ ಹಾಗೆಯೇ ಇತ್ತು. ಎರಡೂ ಒಂದೇ ಗೋಡೆಯವು.

"ಈಗ ಏನಂತ ಬರೀತೀರಿ?" ಎಂದರು. ಕೆಣಕುವ ದನಿಯಲ್ಲ, ನಿಜವಾಗಿಯೇ ಕೇಳುತ್ತಿದ್ದರು.

"ನೀವು ಹೇಳ್ತೀರಿ ಅನಕೊಂಡಿದ್ದೆ ಸರ್."

"ನನಗೂ ಗೊತ್ತಾಗ್ತಿಲ್ಲಮ್ಮ."

ಇಪ್ಪತ್ತು ವರ್ಷ ಗುಂಡಿಯಲ್ಲಿ ಇಳಿದವರು ಹಾಗೆ ಹೇಳಿದ್ದು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ದಿಗಿಲಾಯಿತು. ಒಡತಿ ನಮ್ಮಿಬ್ಬರ ಮುಖ ನೋಡಿ, "ಚಾ ಕುಡೀರಿ ಮೊದಲ," ಎಂದು ಮನೆಗೆ ಕರೆದುಕೊಂಡು ಹೋದಳು.

ಹೆಸರು ಇತ್ಯರ್ಥವಾಗದಿದ್ದರೂ ನೀರಂತೂ ಕಾಯುವುದಿಲ್ಲವಲ್ಲ. ಸಾಲಿನ ನಡುವೆ ಕಾಲುವೆ ತೆಗೆಸಿ, ಉಳಿದ ಗಿಡಗಳ ಬುಡಕ್ಕೆ ಮಣ್ಣೇರಿಸಲು ಹೇಳಿದೆವು. ಆ ವಾರವೆಲ್ಲ ನಾನೂ ಹೋಗಿ ನಿಂತಿದ್ದೆ. ಬದುವಿನ ಕಡೆಯ ಎರಡು ಸಾಲು ಚೇತರಿಸಿಕೊಂಡವು. ಉಳಿದವನ್ನು ಆಕೆ ತಾನೇ ಕಿತ್ತು ಹಾಕಿ, ಹಿಂಗಾರಿಗೆ ಕಡಲೆ ಬಿತ್ತಿದಳು. ಕಡಲೆ ಚೆನ್ನಾಗಿ ಬಂತು. ಎರಡು ಸಾಲು ದಾಳಿಂಬೆಯೂ ಮುಂದೆ ಕಾಯಿ ಕಟ್ಟಿತು. ಒಂದೇ ಹೊಲದಲ್ಲಿ ಯರಿಯ ಬೆಳೆ, ಪಕ್ಕದಲ್ಲಿ ಮಸಾರಿಯ ಬೆಳೆ. ಇದನ್ನು ನೋಡಿ ನನ್ನ ಗೊಂದಲ ಇನ್ನೊಂದು ಸುತ್ತು ಹೆಚ್ಚಾಯಿತು.

ಹಾಳೆ ತಿದ್ದಿ, ಕೆಂಪು ಬಣ್ಣದ, ಉಬ್ಬುವ ಗುರುತಿರುವ, ಆಳವಾದ ಜೇಡಿ ಎಂದು ಬರೆದು, ಎರಡೂ ವರ್ಗಗಳ ಹೆಸರು ನಮೂದಿಸಿ ಕಳಿಸಿದೆವು. ಯಾವುದಾದರೂ ಒಂದನ್ನೇ ಬರೆಯಿರಿ ಎಂದು ಮೇಲಿನಿಂದ ವಾಪಸು ಬಂತು. ಹಿರಿಯರು ಒಂದು ದಿನ ಯೋಚಿಸಿ ಯರಿಯ ವರ್ಗಕ್ಕೆ ಗುರುತು ಹಾಕಿ ಸಹಿ ಮಾಡಿದರು. ಸಹಿ ಮಾಡಿದ ಮೇಲೂ ಪೆನ್ನು ಕೆಳಗಿಡದೆ ಆ ಹಾಳೆಯನ್ನೇ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ರಾಮಥಾಳದ ಕಡೆ ಇನ್ನೊಂದು ಹೊಲಕ್ಕೆ ಹೋದೆ. ಅದೇ ಚಪ್ಪಟೆ ಬಯಲು, ಅದೇ ಕಡು ಕೆಂಪು, ಬೆರಳಲ್ಲಿ ಒತ್ತಿದರೆ ಅದೇ ಉದ್ದನೆಯ ರಿಬ್ಬನ್. ಇದೂ ಬಿರಿದಿರಬೇಕೆಂದು ಉರಿ ಬಿಸಿಲಿನಲ್ಲಿ ಹೊಲದ ಉದ್ದಗಲ ನಡೆದೆ. ಕಾಲ ಕೆಳಗೆ ಒಂದು ಬಿರುಕೂ ಸಿಗಲಿಲ್ಲ. ಹೊಲದವನು ಬೇವಿನ ನೆರಳಲ್ಲಿ ನಿಂತು, "ಏನ್ ಕಳಕೊಂಡೀರಿ ಮೇಡಂ?" ಎಂದು ಕೂಗಿ ಕೇಳಿದ. ಏನೂ ಇಲ್ಲವೆಂದು ಕೈ ಅಲ್ಲಾಡಿಸಿ, ಇನ್ನೊಂದು ಸುತ್ತು ನಡೆದೆ.