ನಾಲ್ಕನೆಯ ಚೀಟಿ

ದೆವ್ವ, ಶಕುನ, ಸತ್ತವರ ಸುಳಿವು ಇಂಥ ಮಾತು ಬಂದಾಗಲೆಲ್ಲ ನಗುತ್ತಿದ್ದವಳು ನಾನು. ಓದಿದ್ದು ಸಂಖ್ಯಾಶಾಸ್ತ್ರ. ಯಾರಾದರೂ "ರಾತ್ರಿ ಅವರು ಕನಸಿನಲ್ಲಿ ಬಂದಿದ್ದರು, ಬೆಳಿಗ್ಗೆ ಅವರದೇ ಫೋನು" ಎಂದರೆ, ಕನಸು ಬಿದ್ದೂ ಫೋನು ಬಾರದ ದಿನಗಳನ್ನು ಯಾಕೆ ಎಣಿಸಲಿಲ್ಲ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ಹಾಗೇ ಕೇಳುತ್ತೇನೆ. ಆದರೆ ಒಂದು ಸಂಜೆಯ ಸಂಗತಿ ಮಾತ್ರ ನನ್ನ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮ್ಮ ಇಷ್ಟ.

ಆಗ ಅಮೆರಿಕದಲ್ಲಿ, ಪಾಲೋ ಆಲ್ಟೋದ ಹತ್ತಿರ ಎಂ.ಎಸ್. ಮಾಡುತ್ತಿದ್ದೆ. ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆಗಿದ್ದವಳು ಎಮಿ, ಅಲ್ಲೇ ಹುಟ್ಟಿ ಬೆಳೆದ ಜಪಾನಿ ಮನೆತನದ ಹುಡುಗಿ. ಜುಲೈ ತಿಂಗಳ ಒಂದು ಶನಿವಾರ, "ನಮ್ಮ ಓಬೋನ್ ಹಬ್ಬ, ಬೀದಿ ತುಂಬ ಕುಣಿತ, ಬಾ" ಎಂದು ಸ್ಯಾನ್ ಹೋಸೆಗೆ ಕರೆದುಕೊಂಡು ಹೋದಳು. ಅದು ಯಾವ ದೇವರ ಹಬ್ಬ, ಯಾಕೆ ಮಾಡುತ್ತಾರೆ, ಒಂದನ್ನೂ ನಾನು ಕೇಳಲಿಲ್ಲ. ವಾರವೆಲ್ಲ ಮೊಸರನ್ನದಲ್ಲಿ ಕಾಲ ಹಾಕಿದವಳಿಗೆ ಹಬ್ಬ ಎಂದರೆ ಊಟ, ಅಷ್ಟೇ.

ಅವರ ದೇವಸ್ಥಾನದ ಮುಂದಿನ ಬೀದಿಯನ್ನು ಮುಚ್ಚಿ ಉದ್ದಕ್ಕೂ ಕಾಗದದ ದೀಪಗಳನ್ನು ತೂಗುಬಿಟ್ಟಿದ್ದರು. ಬಿಸಿಲು ಇನ್ನೂ ಇತ್ತು. ಸುಟ್ಟ ಜೋಳದ ವಾಸನೆ, ಐಸು ತಿನ್ನುವ ಮಕ್ಕಳು, ಆಚೆ ದೊಡ್ಡ ನಗಾರಿಯ ಸದ್ದು. ಎಮಿಯೂ ಕುಣಿಯುವವಳಿದ್ದಳು, ಬಟ್ಟೆ ಬದಲಾಯಿಸಲು ಹೋದಳು. ಹೋಗುವಾಗ ಅಂಗಳದ ಒಂದು ಮೇಜು ತೋರಿಸಿ, "ಅಲ್ಲಿ ನಮ್ಮ ಅಜ್ಜಿ ಇದ್ದಾರೆ. ಬೇಕಿದ್ದರೆ ನೀನೂ ಹೆಸರು ಬರೆದುಕೊಡು, ದೀಪಕ್ಕೆ ಕಟ್ಟುತ್ತಾರೆ" ಎಂದಳು.

ಮೇಜು, ಚೀಟಿ, ಪೆನ್ನು, ಸಾಲಿನಲ್ಲಿ ನಿಂತ ಜನ. ನಮ್ಮವರಿಗೆ ಇಷ್ಟು ಕಂಡರೆ ಮುಗಿಯಿತು, ಹೆಸರು ನಕ್ಷತ್ರ ತಾನಾಗಿ ಬಾಯಿಗೆ ಬರುತ್ತದೆ. ಇದೂ ಒಂದು ಅರ್ಚನೆ ಎಂದುಕೊಂಡೆ. ಮೈಸೂರಿನಲ್ಲಿ ಪ್ರತಿ ಹಬ್ಬಕ್ಕೂ ಅಪ್ಪ ದೇವಸ್ಥಾನದಲ್ಲಿ ಹೇಳುತ್ತಿದ್ದ ಹಾಗೆಯೇ ಗೋತ್ರ, ನಕ್ಷತ್ರ ಸಹಿತ ಬರೆದೆ. ಅಪ್ಪನದೊಂದು ಚೀಟಿ, ಅಮ್ಮನದೊಂದು, ನನ್ನದೊಂದು. ದೇವರಿಗೆ ಇಂಗ್ಲಿಷ್ ಯಾಕೆ ಎಂದು ಕನ್ನಡದಲ್ಲೇ ಬರೆದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಚೀಟಿಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಾಗಿ ವಂದಿಸಿದರು. ಎಂಥ ಮರ್ಯಾದೆಯ ಜನ ಎಂದುಕೊಂಡು ಜೋಳ ಕೊಳ್ಳಲು ಹೋದೆ.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಮೊದಲು ನಮ್ಮ ಮನೆಯ ಅರ್ಚನೆಗೆ ನಾಲ್ಕು ಹೆಸರು. ಅಕ್ಕ ಅಪ್ಪನ ಮಾತು ಮೀರಿ ಹುಬ್ಬಳ್ಳಿಯ ಹುಡುಗನನ್ನು ಮದುವೆಯಾದ ಮೇಲೆ ಅಪ್ಪ ಮೂರೇ ಹೇಳತೊಡಗಿದರು. ಮೊದಲ ಸಲ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಅದೇ ರೂಢಿಯಾಯಿತು. ಐದು ವರ್ಷ ಮನೆಯಲ್ಲಿ ಅವಳ ಹೆಸರೆತ್ತಿದವರಿಲ್ಲ. ನಾನೂ ಎತ್ತಲಿಲ್ಲ. ಅಮೆರಿಕಕ್ಕೆ ಹೊರಟ ದಿನ ಏರ್‌ಪೋರ್ಟಿನಲ್ಲಿ ನನ್ನ ಫೋನು ಹೊಡೆದುಕೊಂಡಿತು, ಪರದೆಯ ಮೇಲೆ "ಅಕ್ಕ" ಎಂದು ಮೂಡಿತು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಫೋನನ್ನು ಜೇಬಿಗೆ ಹಾಕಿಕೊಂಡೆ. ಸೆಮಿಸ್ಟರು ಮುಗಿಯಲಿ, ನಾನೇ ಮಾಡಿ ಕ್ಷಮಿಸು ಅನ್ನುತ್ತೇನೆ ಎಂದುಕೊಂಡೆ. ಒಂದು ಮುಗಿಯಿತು, ಎರಡು ಮುಗಿಯಿತು. ದಿನಾ ನಾಳೆ ಎನ್ನುತ್ತಿದ್ದೆ.

ಕುಣಿತ ಶುರುವಾಗುವ ಹೊತ್ತಿಗೆ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಲೋಟ ಚಹಾ. ಪಕ್ಕದಲ್ಲಿ ಕುಳಿತು, ನನ್ನ ಕೈ ಹಿಡಿದು, ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು: "ಅಪಘಾತವೇ ಮಗು? ಇಷ್ಟೂ ಜನ ಒಂದೇ ವರ್ಷದಲ್ಲಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಓಬೋನ್ ಎಂದರೆ ತೀರಿಕೊಂಡವರನ್ನು ನೆನೆಯುವ ಹಬ್ಬ. ಆ ಮೇಜಿನಲ್ಲಿ ಬರೆಸುವುದು ಆ ವರ್ಷ ಮನೆಯಿಂದ ಹೋದವರ ಹೆಸರು. ನಮ್ಮ ಪಿತೃಪಕ್ಷದ ಎಡೆಗೆ ಬದುಕಿರುವ ಅಪ್ಪ ಅಮ್ಮನನ್ನೂ ನನ್ನನ್ನೂ ಸೇರಿಸಿಕೊಟ್ಟು, ಜೋಳ ತಿನ್ನುತ್ತ ಕುಳಿತಿದ್ದೆ!

"ಅಯ್ಯೋ, ಎಲ್ಲರೂ ಚೆನ್ನಾಗಿದ್ದಾರೆ, ಬೆಳಿಗ್ಗೆ ತಾನೇ ಮಾತಾಡಿದೆ, ಮೂರನೆಯದು ನಾನೇ" ಎಂದೆ. ನಗು ಬಂತು, ಹೆದರಿಕೆಯೂ ಆಯಿತು. ಅಜ್ಜಿ ನಗಲಿಲ್ಲ. "ಬೇಗ ಬಾ, ಬಿಚ್ಚೋಣ" ಎಂದು ಎದ್ದರು.

ನನ್ನ ಚೀಟಿಗಳನ್ನು ಒಂದೇ ದೀಪದ ಕೆಳಗೆ ಕಟ್ಟಿದ್ದರು. ಕನ್ನಡ ಅದೊಂದರಲ್ಲೇ ಇದ್ದದ್ದರಿಂದ ಹುಡುಕುವುದು ಕಷ್ಟವಾಗಲಿಲ್ಲ. ಅಪ್ಪನದು ಬಿಚ್ಚಿದೆ, ಅಮ್ಮನದು ಬಿಚ್ಚಿದೆ, ನನ್ನದು ಬಿಚ್ಚಿದೆ. ಇನ್ನೊಂದು ಉಳಿದಿತ್ತು. ಅದರಲ್ಲಿ ಗೋತ್ರವಿಲ್ಲ, ನಕ್ಷತ್ರವಿಲ್ಲ. "ಅಕ್ಕ" ಎಂದಷ್ಟೇ ಇತ್ತು. ಬರವಣಿಗೆ ನನ್ನದೇ.

"ಇದನ್ನು ನಾನು ಬರೆದಿಲ್ಲ. ನಾನು ಕೊಟ್ಟದ್ದು ಮೂರು" ಎಂದೆ.

"ನಾಲ್ಕು" ಎಂದರು ಅಜ್ಜಿ. "ಮೂರನ್ನು ನೀನು ಬೇಗ ಬೇಗ ಬರೆದೆ. ನಾಲ್ಕನೆಯದಕ್ಕೆ ತುಂಬ ಹೊತ್ತು ಹಿಡಿಯಿತು. ಬರೆಯುವಾಗ ಅಳುತ್ತಿದ್ದೆ. ಅದಕ್ಕೇ ನಾನು ಆಗ ಏನೂ ಕೇಳಲಿಲ್ಲ."

ನಾನು ಅತ್ತಿರಲಿಲ್ಲ. ಅತ್ತ ನೆನಪು ಎಳ್ಳಷ್ಟೂ ಇಲ್ಲ. ಅಜ್ಜಿಗೆ ವಯಸ್ಸಾಗಿದೆ, ಬೇರೆ ಯಾರನ್ನೋ ನೋಡಿರಬೇಕು ಎಂದುಕೊಂಡೆ. ಆದರೆ ಚೀಟಿ ನನ್ನ ಕೈಯಲ್ಲಿತ್ತು.

ಅಲ್ಲೇ ಗೋಡೆಗೊರಗಿ ಅಕ್ಕನ ನಂಬರಿಗೆ ಫೋನು ಹಚ್ಚಿದೆ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಮೈಸೂರಿನಲ್ಲಿ ಆಗ ಭಾನುವಾರ ಬೆಳಿಗ್ಗೆ. ಅಪ್ಪನಿಗೆ ಮಾಡಿದೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ನೇರವಾಗಿ ಕೇಳಿಬಿಟ್ಟೆ.

"ಅಪ್ಪ, ಅಕ್ಕ ಹೇಗಿದಾಳೆ?"

ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದು ಕಾದೆ. ಆ ಕಡೆ ಬಾಗಿಲು ಎಳೆದುಕೊಂಡ ಸದ್ದಾಯಿತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಯಾರು ಹೇಳಿದ್ರು ನಿಂಗೆ?"

ಅಕ್ಕ ಹೋಗಿ ನಾಲ್ಕು ತಿಂಗಳಾಗಿತ್ತು. ಜ್ವರ ಎಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ. ಭಾವ ಅಪ್ಪನಿಗೆ ಮಾತ್ರ ಫೋನು ಮಾಡಿದ್ದರು. ಅಪ್ಪ ಯಾರದೋ ಮದುವೆ ಎಂದು ಅಮ್ಮನಿಗೆ ಹೇಳಿ, ಒಬ್ಬರೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ, ಮಗಳ ಮುಖ ನೋಡಿ ಬಂದಿದ್ದರು.

"ನಿಂಗೆ ಎಕ್ಸಾಮ್ ಇತ್ತಲ್ಲ ಪುಟ್ಟಿ, ಅದಕ್ಕೇ ಹೇಳ್ಲಿಲ್ಲ. ನಿಮ್ಮಮ್ಮಂಗೂ ಹೇಳಿಲ್ಲ ಕಣೆ. ಹೇಗೆ ಹೇಳ್ಲಿ, ಯಾವ ಬಾಯಲ್ಲಿ ಹೇಳ್ಲಿ?" ಎಂದು ಅಪ್ಪ ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಫೋನಿಟ್ಟು ನೋಡಿದಾಗ ಅಜ್ಜಿ ದೀಪದ ಕೆಳಗೇ ನಿಂತಿದ್ದರು. ನನ್ನ ಮುಖ ನೋಡಿ ದಾರವನ್ನು ನನ್ನತ್ತ ಚಾಚಿದರು. ಮುದುಡಿದ್ದ ಚೀಟಿಯನ್ನು ಬಿಡಿಸಿ ಮತ್ತೆ ಕಟ್ಟಿದೆ. ಗಂಟು ನಿಲ್ಲಲಿಲ್ಲ, ಅವರೇ ಬಿಗಿ ಮಾಡಿದರು. ಬೀದಿಯಲ್ಲಿ ಜನ ಕುಣಿಯುತ್ತಿದ್ದರು. ಎಮಿ ಸಾಲಿನಿಂದ ನನ್ನತ್ತ ಬೀಸಣಿಗೆ ಬೀಸಿ ಕರೆದಳು, ನಾನು ಹೋಗಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಚಿಕ್ಕಂದಿನಿಂದ ನಾಲ್ಕು ಹೆಸರು ಕೇಳಿದವಳು ನಾನು, ಅಭ್ಯಾಸಬಲದಿಂದ ಕೈ ನಾಲ್ಕನೆಯದನ್ನೂ ಬರೆದಿರಬಹುದು. ಇರಲಿ. ಆದರೆ ಅಭ್ಯಾಸಬಲದಿಂದ ಯಾರೂ ಅಳುವುದಿಲ್ಲ. ಅಂದು ಬೆಳಿಗ್ಗೆ ಅಮ್ಮನೊಂದಿಗೆ ಹೊಸ ಸೀರೆಯ ವಿಷಯ ಮಾತಾಡಿ ನಕ್ಕಿದ್ದೆ. ಅಕ್ಕ ಹುಬ್ಬಳ್ಳಿಯಲ್ಲಿ ಸುಖವಾಗಿದ್ದಾಳೆ ಎಂದೇ ನಂಬಿದ್ದೆ.

ಅಮ್ಮನಿಗೆ ಆ ವರ್ಷದ ಕೊನೆಯಲ್ಲಿ ನಾನೇ ಊರಿಗೆ ಹೋಗಿ ಹೇಳಿದೆ. ಅಪ್ಪ ಇಂದಿಗೂ ಒಮ್ಮೊಮ್ಮೆ, ಅಮ್ಮ ಎದುರಿಗಿಲ್ಲದಾಗ, "ನಿಜ ಹೇಳು, ಆವತ್ತು ನಿಂಗೆ ಯಾರು ಹೇಳಿದ್ದು?" ಎಂದು ಕೇಳುತ್ತಾರೆ. ಭಾವ ಹೇಳಿಲ್ಲ ಎಂದು ಅವರಿಗೆ ಗೊತ್ತು, ವಿಚಾರಿಸಿದ್ದಾರೆ. "ಯಾರೋ ಬಿಡಿ ಅಪ್ಪ" ಎನ್ನುತ್ತೇನೆ.

ಎಮಿಯ ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡರು. ಅವರು ಹೋದ ಮೇಲೆ ಬಂದ ಮೊದಲ ಓಬೋನಿಗೆ ಅದೇ ಮೇಜಿಗೆ ಹೋಗಿ ಅವರ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಏನಾದರೂ ನೆನಪಾದೀತೇ ಎಂದು ಪೆನ್ನು ಹಿಡಿದು ಅಲ್ಲೇ ಬಹಳ ಹೊತ್ತು ಕುಳಿತಿದ್ದೆ. ಅಕ್ಕನಿಗಾಗಿ ನಾನು ಮೊದಲ ಸಲ ಅತ್ತದ್ದು ಆ ಮೇಜಿನ ಮುಂದೆಯಂತೆ. ಅದನ್ನು ಕಂಡವರು ಅಜ್ಜಿಯೊಬ್ಬರೇ, ಈಗ ಅವರೂ ಇಲ್ಲ. ನನಗೆ ನೆನಪಾಗಲಿಲ್ಲ.