ಮಂಜಿನಲ್ಲಿ ಮಿನುಗಿದ ದೀಪ

ಮುಂದಿನ ಕಾರಿನ ಎರಡು ಹಳದಿ ದೀಪಗಳಲ್ಲಿ ಎಡಗಡೆಯದು ಸ್ವಲ್ಪ ಮಂಕಾಗಿ ಮಿನುಗುತ್ತಿತ್ತು. ಜನವರಿಯ ಆ ಮುಂಜಾನೆ ದುಬೈನಿಂದ ಅಬುಧಾಬಿಗೆ ಹೋಗುವ ಹೆದ್ದಾರಿಯಲ್ಲಿ ನಮಗೆ ಕಾಣುತ್ತಿದ್ದುದು ಅಷ್ಟೇ. ಇಲ್ಲಿ ಮಂಜು ಕವಿದರೆ ಎಲ್ಲರೂ ಅಪಾಯದ ದೀಪ ಮಿನುಗಿಸುತ್ತಲೇ ಗಾಡಿ ಓಡಿಸುತ್ತಾರೆ. ಹಾಗಾಗಿ ಆ ಕಾರೂ ಓಡುತ್ತಿದೆ ಎಂದುಕೊಂಡೆವು. ಅದು ನಿಂತಿತ್ತು.

ನನ್ನನ್ನು ದಿನಾ ಆಫೀಸಿಗೆ ಬಿಡುವ ಮಂಗಳೂರಿನ ಹಮೀದಣ್ಣ ವ್ಯಾನನ್ನು ಥಟ್ಟನೆ ಬಲಕ್ಕೆ ತಿರುಗಿಸಿ ಮರಳಿಗೆ ಇಳಿಸಿದರು. ನಾನು ಕೆಳಗೆ ಬಿದ್ದ ಫೈಲುಗಳನ್ನು ಹೆಕ್ಕತೊಡಗಿದೆ.

"ಫೈಲ್ ಎಂತಕ್ಕೆ ಮಾರಾಯ್ರೆ! ಹಿಂದಿನಿಂದ ಗಾಡಿ ಬರ್ತಾ ಉಂಟು, ಇಳಿದು ಓಡಿ!"

ಓಡಿ ದೂರ ನಿಂತೆವು. ರಸ್ತೆ ಕಾಣಲಿಲ್ಲ. ಬ್ರೇಕಿನ ಕಿರುಚು, ಡಿಕ್ಕಿಯ ಸದ್ದು, ಮತ್ತೊಂದು, ಇನ್ನೊಂದು. ಆಮೇಲೆ ಮಂಜಿನೊಳಗಿಂದ ಯಾರೋ ಒಂದೇ ಹೆಸರನ್ನು ಮತ್ತೆ ಮತ್ತೆ ಕೂಗಿದರು. ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ರೇಡಿಯೊ ಮತ್ತೆ ಮಂಜಿನ ಎಚ್ಚರಿಕೆ ಕೊಟ್ಟಿತು. ಮ್ಯಾನೇಜರಿಗೆ ಫೋನ್ ಮಾಡಿ, ಬಿಸಿಲು ಬಂದ ಮೇಲೆ ಹೊರಡುತ್ತೇನೆ ಎಂದೆ. ತಡವಾಗುವುದಕ್ಕೆ ಕ್ಷಮೆ ಕೇಳಲಿಲ್ಲ.